ಕೂಸಿನ ಕೆನ್ನೆಯ ಮೇಲಣ ಬೆಳಕು



ಆಳಂದ ತಾಲ್ಲೂಕಿನ ಮಾದನಹಿಪ್ಪರಗಾದಲ್ಲಿ ಇಂದಿಗೂ ಉಳಿದುಕೊಂಡಿರುವ ಹಳೆಯ ಮಾಳಿಗೆಯ ಮನೆಗಳ ಒಳಹೊಕ್ಕವರಿಗೆ ಅಲ್ಲಿಯ ಬೆಳಕಿನ ರೀತಿ ಮರೆಯುವಂತಹುದಲ್ಲ. ಕಲ್ಲುಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣು ಹಾಸಿದ ಮಾಳಿಗೆ, ಕಿಟಕಿಗಳು ವಿರಳ. ಹೊರಗೆ ವೈಶಾಖದ ಬಿಸಿಲು ಎರೆಯ ಭೂಮಿಯನ್ನು ಬಿರಿಯುವಂತೆ ಕಾಯಿಸುತ್ತಿರುವ ಹೊತ್ತಿನಲ್ಲಿಯೂ, ಒಳಗೆ ಪಡಸಾಲೆಯಲ್ಲಿ ಕಟ್ಟಿದ ತೊಟ್ಟಿಲ ಮೇಲೆ, ತಲೆಬಾಗಿಲಿನಿಂದ ಅಷ್ಟು, ಮಾಳಿಗೆಯ ಬೆಳಕಿಂಡಿಯಿಂದ ಇಷ್ಟು, ತನ್ನ ಉರಿಯನ್ನೆಲ್ಲ ಹೊರಗೇ ಬಿಟ್ಟು ಬಂದ ಒಂದು ತಂಪಾದ ಬೆಳಕು ಹಾಸಿಕೊಂಡಿರುತ್ತದೆ. ಆ ಬೆಳಕಿನಲ್ಲಿ, ಕುಂಚಿಗೆ ತೊಟ್ಟು ನಿದ್ರಿಸುತ್ತಿರುವ ಕೂಸಿನ ಮುಖವನ್ನು ಒಮ್ಮೆ ಬಾಗಿ ನೋಡಿದವನಿಗೆ ಚರ್ಮದ ನುಣುಪೆಂದರೆ ಏನೆಂಬುದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಅದೇ ಕೂಸನ್ನು ಹೊಸ ಅಂಗಿ ತೊಡಿಸಿ, ಎಣ್ಣೆ ಹಚ್ಚಿ, ಪೌಡರು ಬಳಿದು, ಶಿವಲಿಂಗೇಶ್ವರರ ಜಾತ್ರೆಯ ಸಂಭ್ರಮದಲ್ಲಿಯೋ ಪೇಟೆಯ ಸ್ಟುಡಿಯೋದಲ್ಲಿಯೋ ಕೂರಿಸಿ ತೆಗೆಯಿಸಿದ ಪಟವು ಮನೆಗೆ ಬಂದಾಗ, ಅದರಲ್ಲಿ ಬಹುಮಟ್ಟಿಗೆ ಎರಡರಲ್ಲೊಂದು ದೋಷವು ಕಾಣುತ್ತದೆ: ಒಂದೋ ಹಣೆ ಮೂಗುಗಳು ಕಂಚಿನ ತಂಬಿಗೆಯಂತೆ ಹೊಳೆದು, ಕಣ್ಣ ಕೆಳಗೆ ಕಪ್ಪು ನೆರಳು ಇಳಿದು, ಮಗುವಿನ ಮುಖವು ದಣಿದ ದೊಡ್ಡವರ ಮುಖದಂತಾಗಿರುತ್ತದೆ, ಇಲ್ಲವೇ ಆ ಕಲೆ ಹೊಳಪುಗಳನ್ನೆಲ್ಲ ಯಂತ್ರದಿಂದ ಅಳಿಸಿ ತೊಳೆದ ಮೇಲೆ, ಉಸಿರೇ ಇಲ್ಲದ ಮೇಣದ ಬೊಂಬೆಯ ಮುಖವೊಂದು ಚೌಕಟ್ಟಿನಲ್ಲಿ ಕುಳಿತಿರುತ್ತದೆ. ತೊಟ್ಟಿಲಲ್ಲಿ ನಾವು ಕಣ್ಣಾರೆ ಕಂಡ ಸಹಜವಾದ ನುಣುಪು ಕಾಗದಕ್ಕೆ ಬರುವಷ್ಟರಲ್ಲಿ ಎಲ್ಲಿ ಕಳೆದುಹೋಯಿತು, ಅದನ್ನು ಕಳೆಯದಂತೆ ಕಾಪಾಡಿಕೊಳ್ಳುವುದು ಹೇಗೆ ಎಂಬುದೇ ಈ ಹೊತ್ತಿನ ನನ್ನ ಭಾಷಣದ ವಿಷಯ. ಅನೇಕ ವರ್ಷಗಳಿಂದ ಮಕ್ಕಳ ಭಾವಚಿತ್ರಗಳನ್ನು ತೆಗೆಯುತ್ತ ಬಂದಿರುವ ನನಗೆ ಸಿದ್ಧಿಸಿರುವ ನಂಬಿಕೆ ಇಷ್ಟೇ: ನುಣುಪು ಕೂಸಿನಲ್ಲಿಯೇ ಇದೆ, ಛಾಯಾಗ್ರಾಹಕನು ಅದನ್ನು ತಂದು ಹಚ್ಚಬೇಕಾಗಿಲ್ಲ, ಕೆಡಿಸದೆ ಇದ್ದರೆ ಸಾಕು.

ಇದು ಬರಿಯ ಭಾವುಕತೆಯ ಮಾತಲ್ಲ. ಶರೀರಶಾಸ್ತ್ರದ ಆಧಾರವೂ ಇದಕ್ಕೆ ಉಂಟು. ಎಳೆಗೂಸಿನ ಚರ್ಮದ ಹೊರಪದರವು ವಯಸ್ಕರದಕ್ಕಿಂತ ತೆಳುವಾಗಿರುತ್ತದೆ. ಚರ್ಮಕ್ಕೆ ಜಿಡ್ಡನ್ನು ಒದಗಿಸುವ ಗ್ರಂಥಿಗಳು, ಹುಟ್ಟಿದ ಹೊಸತರಲ್ಲಿ ಕೆಲಕಾಲ ಕೆಲಸಮಾಡಿ, ಆಮೇಲೆ ಪ್ರಾಯ ಬರುವವರೆಗೂ ಬಹುಮಟ್ಟಿಗೆ ಸುಮ್ಮನಿರುತ್ತವೆ. ಆದುದರಿಂದ ದೊಡ್ಡವರ ಮುಖದಲ್ಲಿ ಕಾಣುವ ಅಗಲವಾದ ರಂಧ್ರಗಳೂ ಜಿಡ್ಡಿನ ಹೊಳಪೂ ಮಗುವಿನ ಮುಖದಲ್ಲಿ ಸ್ವಭಾವತಃ ಇರುವುದಿಲ್ಲ. ಹಾಗೆಂದು ಅದು ಗಾಜಿನ ನುಣುಪೂ ಅಲ್ಲ. ಕೆನ್ನೆಯನ್ನು ಓರೆಯ ಬೆಳಕಿನಲ್ಲಿ ನೋಡಿದರೆ, ಹಣ್ಣಿನ ಮೇಲಣ ನವಿರಿನಂತೆ ಅತಿ ಸೂಕ್ಷ್ಮವಾದ ರೋಮಗಳು ಬೆಳಕನ್ನು ಹಿಡಿದು ಅಂಚಿಗೊಂದು ಮೃದುವಾದ ಪ್ರಭೆಯನ್ನು ಕೊಡುತ್ತಿರುವುದು ಕಾಣುತ್ತದೆ. ಮಗುವಿನ ಚರ್ಮವನ್ನು ಕಲ್ಲಿನಿಂದಲೂ ಮೇಣದಿಂದಲೂ ಬೇರೆಮಾಡಿ ತೋರಿಸುವ ಲಕ್ಷಣವೇ ಈ ನವಿರು. ಇದನ್ನು ಉಳಿಸಿದ ಚಿತ್ರವು ಜೀವಂತ. ಇದನ್ನು ಒರಸಿದ ಚಿತ್ರವು ಬೊಂಬೆ.

ಇಷ್ಟು ಸಹಜವಾದ ಸೊಬಗನ್ನು ತಿದ್ದುವ ಅಭ್ಯಾಸವಾದರೂ ಛಾಯಾಚಿತ್ರಗಾರರಿಗೆ ಎಲ್ಲಿಂದ ಬಂದಿತೆಂದು ವಿಚಾರಿಸಿದರೆ, ಮೊದಲ ತಪ್ಪು ಮನುಷ್ಯರದಲ್ಲ, ಗಾಜಿನ ಫಲಕಗಳದೆಂದು ತಿಳಿದುಬರುತ್ತದೆ. 1839ರಲ್ಲಿ ಛಾಯಾಗ್ರಹಣವು ಲೋಕಕ್ಕೆ ಪರಿಚಯವಾದ ಮೇಲೆ ಹಲವು ದಶಕಗಳವರೆಗೆ ಬಳಕೆಯಲ್ಲಿದ್ದ ಫಲಕಗಳು ನೀಲಿ ಬಣ್ಣಕ್ಕೆ ಬೇಗನೆ ಸ್ಪಂದಿಸುತ್ತಿದ್ದವೇ ಹೊರತು ಕೆಂಪನ್ನು ಕಾಣಲಾರದೆ ಹೋಗುತ್ತಿದ್ದವು. ಅದರ ಪರಿಣಾಮವಾಗಿ, ಮಗುವಿನ ಕೆನ್ನೆಯ ನಸುಗೆಂಪೂ, ಸೊಳ್ಳೆ ಕಚ್ಚಿದ ಸಣ್ಣ ಗುರುತೂ, ನಮ್ಮ ಕಣ್ಣಿಗೆ ಚೆಲುವಾಗಿಯೋ ಅಲ್ಪವಾಗಿಯೋ ಕಾಣುವಂತಹವು, ಪಟದಲ್ಲಿ ಮಸಿ ಬಳಿದಂತೆ ಕಪ್ಪಾಗಿ ಮೂಡುತ್ತಿದ್ದವು. ಫಲಕದ ಈ ಕುರುಡನ್ನು ಮನುಷ್ಯನ ಕೈ ಸರಿಪಡಿಸಬೇಕಾಯಿತು. ಮ್ಯೂನಿಕ್ ನಗರದ ಫ್ರಾಂಟ್ಸ್ ಹಾನ್ಫ್‌ಸ್ಟೆಂಗಲ್ ಎಂಬಾತನು 1855ರ ಪ್ಯಾರಿಸ್ಸಿನ ಮಹಾಪ್ರದರ್ಶನದಲ್ಲಿ ತಿದ್ದಿದ ನೆಗೆಟಿವಿನಿಂದಾದ ಪಟವನ್ನೂ ತಿದ್ದದ ಪಟವನ್ನೂ ಜೊತೆಯಾಗಿ ತೋರಿಸಿ ಜನರನ್ನು ಬೆರಗುಗೊಳಿಸಿದನು. 1873ರಲ್ಲಿ ಹರ್ಮನ್ ಫೋಗೆಲ್ ಎಂಬ ರಸಾಯನಶಾಸ್ತ್ರಜ್ಞನು ಬಣ್ಣದ ದ್ರವ್ಯಗಳನ್ನು ಬೆರೆಸಿ ಫಲಕಗಳ ದೃಷ್ಟಿಯನ್ನು ಹಸಿರಿನವರೆಗೆ ವಿಸ್ತರಿಸುವ ಉಪಾಯವನ್ನು ಕಂಡುಹಿಡಿದನು. ಕಾಲಕ್ರಮದಲ್ಲಿ ಕೆಂಪನ್ನೂ ಕಾಣಬಲ್ಲ ಫಿಲ್ಮುಗಳು ಬಂದವು. ಕುರುಡು ವಾಸಿಯಾಯಿತು, ಆದರೆ ಕುರುಡಿಗಾಗಿ ಹುಟ್ಟಿದ ಊರುಗೋಲನ್ನು ಮಾತ್ರ ಯಾರೂ ಕೆಳಗಿಡಲಿಲ್ಲ.

ನಮ್ಮ ಕಲಬುರಗಿ ಜಿಲ್ಲೆಯು ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಆ ಕಾಲದಲ್ಲಿ, ಸಂಸ್ಥಾನದ ಆಸ್ಥಾನ ಛಾಯಾಗ್ರಾಹಕರಾಗಿ ‘ಮುಸವ್ವಿರ್ ಜಂಗ್’ ಎಂಬ ಬಿರುದನ್ನು ಪಡೆದ ರಾಜಾ ದೀನ್ ದಯಾಳರು (1844–1905) ಸಿಕಂದರಾಬಾದು ಹೈದರಾಬಾದುಗಳಲ್ಲಿ ಸ್ಟುಡಿಯೋಗಳನ್ನು ನಡೆಸುತ್ತಿದ್ದರು. ಪರದೆಯಲ್ಲಿರುವ ಹೆಣ್ಣುಮಕ್ಕಳ ಪಟಗಳನ್ನು ತೆಗೆಯುವುದಕ್ಕೆಂದೇ 1892ರಲ್ಲಿ ಹೈದರಾಬಾದಿನಲ್ಲಿ ಅವರು ತೆರೆದ ಜನಾನಾ ಸ್ಟುಡಿಯೋವನ್ನು ಶ್ರೀಮತಿ ಕೆನ್ನಿ ಲೆವಿಕ್ ಎಂಬ ಆಂಗ್ಲ ಮಹಿಳೆಯು ನೋಡಿಕೊಳ್ಳುತ್ತಿದ್ದಳು. ವಿದ್ಯುದ್ದೀಪವು ಇನ್ನೂ ಮನೆಮಾತಾಗದಿದ್ದ ಆ ದಿನಗಳಲ್ಲಿ ಒಳ್ಳೆಯ ಸ್ಟುಡಿಯೋಗಳಿಗೆ ಉತ್ತರದ ಕಡೆಗೆ ಗಾಜಿನ ಮಾಡು ಇರುತ್ತಿದ್ದಿತು. ಮೇಲೆ ಬಿಳಿಯ ಪರದೆಗಳನ್ನು ಸರಿಸುತ್ತಲೂ ಎಳೆಯುತ್ತಲೂ ಬೆಳಕನ್ನು ಹದಗೊಳಿಸಿ ಮುಖಕ್ಕೆ ಬಿಡುತ್ತಿದ್ದರು. ಅರಸುಮಕ್ಕಳ ಪಟಗಳಿಗಾಗಿ ವೆಚ್ಚಮಾಡಿ ಕಟ್ಟಿಸುತ್ತಿದ್ದ ಅಂಥ ಮಾಡಿನ ಕೆಳಗೆ ಯಾವ ಬೆಳಕು ದೊರೆಯುತ್ತಿದ್ದಿತೋ, ಹೆಚ್ಚುಕಡಮೆ ಅದೇ ಬೆಳಕು ಮಾದನಹಿಪ್ಪರಗಾದ ಒಕ್ಕಲಿನ ಮನೆಯ ಬೆಳಕಿಂಡಿಯ ಕೆಳಗೆ ತೊಟ್ಟಿಲ ಕೂಸಿಗೆ ಪುಕ್ಕಟೆಯಾಗಿ ದೊರೆಯುತ್ತಲಿದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಇನ್ನು ನನ್ನ ಕೈಯಿಂದಾದ ಒಂದು ಅಪರಾಧವನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ನೆಗೆಟಿವನ್ನು ಪೆನ್ಸಿಲಿನಿಂದ ತಿದ್ದುವ ಪದ್ಧತಿ ಇದ್ದಿತು. ಮುಖದ ಮೇಲಿನ ಕಪ್ಪು ಚುಕ್ಕೆಯು ನೆಗೆಟಿವಿನಲ್ಲಿ ತಿಳಿಯಾದ ಚುಕ್ಕೆಯಾಗಿ ಕಾಣುತ್ತದೆ. ಅದರ ಮೇಲೆ ಮೊದಲು ಪೆನ್ಸಿಲು ಹಿಡಿಯುವಂತೆ ತೆಳ್ಳನೆಯ ವಾರ್ನಿಶನ್ನು ಸವರಿ, ಸೂಜಿಯಂತೆ ಚೂಪುಮಾಡಿದ ಸೀಸದ ಮೊನೆಯಿಂದ ಆ ತಿಳಿಯನ್ನು ಸ್ವಲ್ಪಸ್ವಲ್ಪವಾಗಿ ತುಂಬಿದರೆ, ಅಚ್ಚಾದ ಪಟದಲ್ಲಿ ಕಲೆಯು ಮಾಯವಾಗುತ್ತದೆ. ಈ ವಿದ್ಯೆಯಲ್ಲಿ ಕೈ ಕುದುರಿದ ಹೊಸ ಉತ್ಸಾಹದಲ್ಲಿ, ಹಳ್ಳಿಯ ಕುಟುಂಬವೊಂದು ಜಾವಳಕ್ಕೆ ಮುನ್ನ ತೆಗೆಯಿಸಿದ್ದ ಒಂದು ಹೆಣ್ಣುಕೂಸಿನ ಮುಖವನ್ನು ನಾನು ಒಂದು ರಾತ್ರಿಯೆಲ್ಲ ಕುಳಿತು ತಿದ್ದಿದೆನು. ಒಂದು ಚುಕ್ಕೆ ಉಳಿಯಲಿಲ್ಲ. ಮರುವಾರ ಪಟವನ್ನು ಒಯ್ಯಲು ಬಂದ ಕೂಸಿನ ಆಯಿ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯದವಳಂತೆ ಕೇಳಿದಳು: “ತಮ್ಮಾ, ಇದು ಯಾರ ಕೂಸಪ್ಪಾ? ನಮ್ಮ ಕೂಸಿನ ಗದ್ದದ ಮ್ಯಾಲ ಎಳ್ಳಿನಷ್ಟು ಮಚ್ಚಿ ಐತಿ. ಅವರ ಮುತ್ಯಾಗೂ ಅಲ್ಲೇ ಇತ್ತು.”

ಮುತ್ಯಾ, ಎಂದರೆ ಕೂಸಿನ ಅಜ್ಜ, ಆಗ ತೀರಿಕೊಂಡು ಸ್ವಲ್ಪ ಕಾಲವಾಗಿತ್ತಂತೆ. ಆ ಮನೆಯವರು ಪಟ ತೆಗೆಯಿಸಿದುದೇ ಎಳ್ಳಿನಷ್ಟು ಮಚ್ಚೆಯೊಂದನ್ನು ನೋಡಿಕೊಳ್ಳುವುದಕ್ಕಾಗಿ ಎಂದು ಹೇಳಿದರೂ ಸಲ್ಲುವಂತಿದ್ದಿತು; ನಾನು ಅದನ್ನೇ ದೋಷವೆಂದು ತಿಳಿದು ಅಳಿಸಿಬಿಟ್ಟಿದ್ದೆನು. ನನ್ನ ಗುರುಗಳು ಆ ದಿನ ನನ್ನನ್ನು ಬಯ್ಯಲಿಲ್ಲ. ಹತ್ತು ದಿನಗಳಲ್ಲಿ ತಾನಾಗಿ ಹೋಗುವುದನ್ನು ತೆಗೆ, ಹತ್ತು ವರ್ಷ ಇರುವುದನ್ನು ಮುಟ್ಟಬೇಡ ಎಂದಿಷ್ಟೇ ಹೇಳಿದರು. ಪೆನ್ಸಿಲು ಹೋಗಿ ಗಣಕಯಂತ್ರ ಬಂದರೂ ಈ ಸೂತ್ರಕ್ಕಿಂತ ಮಿಗಿಲಾದುದು ನನಗೆ ಇನ್ನೂ ದೊರಕಿಲ್ಲ. ಸೊಳ್ಳೆಯ ಕಡಿತ, ಬೆವರುಸಾಲೆ, ನೆಗಡಿಯಿಂದ ಕೆಂಪಾದ ಮೂಗಿನಡಿ, ತನ್ನ ಉಗುರಿನಿಂದಲೇ ಕೂಸು ಗೀರಿಕೊಂಡ ಗೆರೆ, ನವಜಾತ ಶಿಶುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮೂಗಿನ ಮೇಲೆ ಕಾಣಿಸಿಕೊಂಡು ಕೆಲವು ವಾರಗಳಲ್ಲಿ ತಾವಾಗಿ ಮಾಯವಾಗುವ ಬಿಳಿಯ ಸಣ್ಣ ಕಾಳುಗಳು, ಇವು ಅತಿಥಿಗಳು. ಇವನ್ನು ತೆಗೆದರೆ ಮಗುವಿಗೆ ಅನ್ಯಾಯವಿಲ್ಲ. ಮಚ್ಚೆ, ಹುಟ್ಟುಗುರುತು, ಗಲ್ಲದ ಕುಳಿ, ಬಿದ್ದು ಹೊಲಿಗೆ ಹಾಕಿಸಿದ ಹುಬ್ಬಿನ ಗಾಯದ ಗುರುತು, ಇವು ಮನೆಯವರು; ಇವನ್ನು ಹೊರಹಾಕಲು ನಮಗೆ ಅಧಿಕಾರವಿಲ್ಲ.

ತಿದ್ದುವ ಮಾತು ಕೊನೆಯದಾಗಲಿ, ಮೊದಲಿನದು ಬೆಳಕು. ಬೆಳಕಿನ ಮೂಲವು ಚಿಕ್ಕದಾಗಿ ದೂರದಲ್ಲಿದ್ದರೆ ನೆರಳಿನ ಅಂಚು ಕತ್ತರಿಸಿದಂತೆ ಕಠಿಣವಾಗುತ್ತದೆ, ಚರ್ಮದ ಪ್ರತಿಯೊಂದು ಉಬ್ಬುತಗ್ಗಿಗೂ ಒಂದೊಂದು ನೆರಳು ಹುಟ್ಟುತ್ತದೆ. ಮೂಲವು ವಿಶಾಲವಾಗಿ ಹತ್ತಿರದಲ್ಲಿದ್ದರೆ ಬೆಳಕು ಹಲವು ದಿಕ್ಕುಗಳಿಂದ ಬಂದು ಆ ನೆರಳುಗಳನ್ನು ತಾನೇ ತುಂಬುತ್ತದೆ. ಸೂರ್ಯನು ಎಷ್ಟು ದೊಡ್ಡವನಾದರೂ ನಮ್ಮ ಅಂಗಳಕ್ಕೆ ಅವನು ಒಂದು ಸಣ್ಣ ಬಿಲ್ಲೆಯೇ. ತೆರೆದ ತಲೆಬಾಗಿಲಾದರೋ ಮಗುವಿನ ಪಾಲಿಗೆ ಆಳೆತ್ತರದ ದೀಪ. ಆದುದರಿಂದ ನೇರ ಬಿಸಿಲು ಒಳಬೀಳದ ಹೊತ್ತನ್ನು ನೋಡಿಕೊಂಡು, ಬಾಗಿಲಿನಿಂದ ಎರಡು ಮೂರು ಮೊಳ ಒಳಗೆ ತಾಯಿಯ ತೊಡೆಯ ಮೇಲೆ ಕೂಸನ್ನು ಕೂರಿಸಿ, ಮುಖವನ್ನು ಬೆಳಕಿನತ್ತ ಸ್ವಲ್ಪ ಓರೆಯಾಗಿ ತಿರುಗಿಸಿ, ನೆರಳಿನ ಕಡೆಗೆ ಒಗೆದ ಬಿಳಿಯ ಧೋತರವೊಂದನ್ನು ಯಾರಾದರೂ ಹಿಡಿದುಕೊಂಡರೆ, ಯಾವ ದುಬಾರಿ ಸಲಕರಣೆಯೂ ಇಲ್ಲದೆ ಚರ್ಮವು ತನ್ನ ನುಣುಪನ್ನು ತಾನೇ ತೋರಿಸುತ್ತದೆ. ಹಸಿರು ನೀಲಿ ಬಣ್ಣದ ಗೋಡೆಗಳ ಪಕ್ಕದಲ್ಲಿ ಮಾತ್ರ ಎಚ್ಚರಿಕೆ ಬೇಕು. ಗೋಡೆಯ ಬಣ್ಣವೂ ಅಂಗಿಯ ಬಣ್ಣವೂ ಗದ್ದದ ಕೆಳಗೆ ಪ್ರತಿಫಲಿಸಿ, ಆರೋಗ್ಯವಾದ ಮಗುವಿಗೆ ರೋಗಿಯ ಛಾಯೆಯನ್ನು ಕೊಡುತ್ತವೆ.

ಬಯಲಿನಲ್ಲಿ ಪಟ ತೆಗೆಯಬೇಕಾದಾಗಲೂ ಇದೇ ನಿಯಮ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ, ಭೀಮಾ ಅಮರ್ಜಾ ನದಿಗಳ ಸಂಗಮಕ್ಕೆ ಹೋದ ಕುಟುಂಬಗಳು ಮಕ್ಕಳನ್ನು ಮರದ ನೆರಳಿಗೆ ನಿಲ್ಲಿಸಿ ಪಟ ತೆಗೆಯುವುದು ಸಹಜ. ಆದರೆ ಎಲೆಗಳ ಸಂದಿನಿಂದ ಇಳಿದ ಬಿಸಿಲ ಚುಕ್ಕೆಗಳು ಮುಖದ ಮೇಲೆ ಬಿದ್ದು, ಇಲ್ಲದ ತೊನ್ನನ್ನು ಇದ್ದಂತೆ ತೋರಿಸುತ್ತವೆ. ಅದಕ್ಕಿಂತ ಛತ್ರದ ಜಗಲಿಯ ಒಡೆಯದ ನೆರಳು ಒಳ್ಳೆಯದು. ಬೆಳಗಿನ ಅಥವಾ ಸಂಜೆಯ ಇಳಿಬೆಳಕು ಇನ್ನೂ ಒಳ್ಳೆಯದು. ಮೊಬೈಲನ್ನು ಮಗುವಿನ ಮೂಗಿಗೆ ತಗಲುವಂತೆ ಹಿಡಿಯದೆ ನಾಲ್ಕೈದು ಅಡಿ ಹಿಂದೆ ಸರಿದು ನಿಂತರೆ ಮೂಗು ಊದದೆ ಮುಖದ ಪ್ರಮಾಣವು ಸರಿಯಾಗಿ ಬರುತ್ತದೆ. ಎದುರಿನಿಂದ ಹೊಡೆಯುವ ಫ್ಲ್ಯಾಶನ್ನು ಮಾತ್ರ ಆರಿಸಿಯೇಬಿಡಬೇಕು. ಹಣೆಯ ಮೇಲೆ ಬೆಳ್ಳಗಿನ ಹೊಳಪನ್ನು ಹಾಕಿ, ಚರ್ಮದ ನವಿರನ್ನು ಮೊದಲು ಕೊಲ್ಲುವುದು ಅದೇ.

ಮಗುವಿನ ಸಿದ್ಧತೆಯೂ ಸ್ವಲ್ಪ ಉಂಟು, ಆದರೆ ಅದು ನಾವು ಸಾಮಾನ್ಯವಾಗಿ ಮಾಡುವುದಕ್ಕೆ ವಿರುದ್ಧವಾದುದು. ಪಟಕ್ಕೆ ಮುನ್ನ ಹಚ್ಚುವ ಕೊಬ್ಬರಿ ಎಣ್ಣೆಯು ಮುಖವನ್ನು ಕನ್ನಡಿಯಾಗಿಸುತ್ತದೆ. ಪೌಡರು ಕತ್ತಿನ ಮಡಿಕೆಗಳಲ್ಲಿಯೂ ನವಿರಿನ ಮೇಲೆಯೂ ಕುಳಿತು ಬೂದಿಯಂತೆ ಕಾಣುತ್ತದೆ. ಒದ್ದೆಮಾಡಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಒರಸಿ, ಮಾಗಿಯ ಚಳಿಗೆ ತುಟಿ ಕೆನ್ನೆಗಳು ಒಡೆದಿದ್ದರೆ ಹಿಂದಿನ ರಾತ್ರಿಯೇ ಬೆಣ್ಣೆಯನ್ನೋ ಎಣ್ಣೆಯನ್ನೋ ತೆಳುವಾಗಿ ಸವರಿ, ಬೆಳಿಗ್ಗೆ ತೆಗೆದುಬಿಟ್ಟರೆ ಸಾಕು. ಎಲ್ಲಕ್ಕಿಂತ ಮುಖ್ಯವಾದುದು ಹೊತ್ತು. ಅತ್ತು ಸುಮ್ಮನಾದ ಕೂಸಿನ ಮುಖದಲ್ಲಿ ಕೆಂಪು ಇಳಿಯುವುದಕ್ಕೆ ಸಮಯ ಹಿಡಿಯುತ್ತದೆ. ಹೊಟ್ಟೆ ತುಂಬಿ, ನಿದ್ದೆ ತಿಳಿದು, ತಾನಾಗಿ ಕಣ್ಣು ತೆರೆದ ಕೂಸಿನ ಮುಖದಲ್ಲಿ ಯಾವ ತಿದ್ದುಗೆಯೂ ಕೊಡಲಾರದ ಕಾಂತಿಯೊಂದು ಇರುತ್ತದೆ. ಅದಕ್ಕಾಗಿ ಒಂದು ಗಂಟೆ ಕಾಯುವ ಛಾಯಾಗ್ರಾಹಕನು ಆಮೇಲೆ ಗಣಕಯಂತ್ರದ ಮುಂದೆ ಕಳೆಯಬೇಕಾದ ಮೂರು ಗಂಟೆಗಳನ್ನು ಉಳಿಸಿಕೊಳ್ಳುತ್ತಾನೆ.

1990ರಲ್ಲಿ ಫೋಟೋಶಾಪ್ ಎಂಬ ಸಾಧನವು ಹೊರಬಂದಂದಿನಿಂದ ಗುರುಗಳ ಪೆನ್ಸಿಲು ಪ್ರತಿಯೊಬ್ಬರ ಕೈಗೂ ಬಂದಿದೆ. ಈಗಂತೂ ಹಲವು ಮೊಬೈಲುಗಳು ನಾವು ಹೇಳದಿದ್ದರೂ ಮುಖವನ್ನು ತಾವೇ ಉಜ್ಜಿ ನುಣ್ಣಗೆ ಮಾಡಿ ಕೊಡುತ್ತವೆ. ಮಗುವಿನ ಪಟ ತೆಗೆಯುವ ಮುನ್ನ ಆ ಬ್ಯೂಟಿ ಎಂಬ ಏರ್ಪಾಡನ್ನು ಆರಿಸಿರೆಂದು ತಾಯಂದಿರಲ್ಲಿ ನನ್ನ ಮೊದಲ ವಿನಂತಿ. ಈ ವೃತ್ತಿಯ ತರುಣರಿಗೂ ಎರಡು ಮಾತು ಹೇಳಬೇಕೆಂದಿದೆ. ಮುಖವನ್ನೆಲ್ಲ ಒಮ್ಮೆಗೇ ಮಸುಕುಗೊಳಿಸುವ ಬ್ಲರನ್ನು ಬಳಸಿದರೆ ಕಲೆಯ ಜೊತೆಗೆ ನವಿರೂ ಹೋಗುತ್ತದೆ, ಹೊಟ್ಟಿನ ಜೊತೆಗೆ ಹಿಟ್ಟನ್ನೂ ಒಲೆಗೆ ಹಾಕಿದಂತೆ. ಬದಲಾಗಿ, ಬೇರೊಂದು ಲೇಯರಿನ ಮೇಲೆ, ಹೀಲಿಂಗ್ ಬ್ರಷ್ಷಿನಿಂದ, ಅತಿಥಿಗಳಾದ ಕಲೆಗಳನ್ನು ಮಾತ್ರ ಒಂದೊಂದಾಗಿ ತೆಗೆಯಿರಿ. ಕೆಂಪು ತೇಪೆಗಳಿದ್ದಲ್ಲಿ ಚರ್ಮದ ಎಳೆಯನ್ನು ಮುಟ್ಟದೆ ಬಣ್ಣವನ್ನಷ್ಟೇ ತುಸು ಸಮಗೊಳಿಸಿರಿ. ಎಲ್ಲ ಮುಗಿದ ಮೇಲೆ ಆ ಲೇಯರಿನ ಬಲವನ್ನು ಅರ್ಧಕ್ಕೆ ಇಳಿಸಿ, ಪಟವು ಅಚ್ಚಾಗುವ ಅಳತೆಯಲ್ಲಿಯೇ ದೂರದಿಂದ ನೋಡಿರಿ. ಕಪ್ಪುಬಿಳುಪಿನ ಪಟವಾದರೆ ಇನ್ನೊಂದು ಉಪಾಯವುಂಟು: ಬಣ್ಣವನ್ನು ಕಪ್ಪುಬಿಳುಪಿಗೆ ತಿರುಗಿಸುವಾಗ ಕೆಂಪಿನ ಪಾಲನ್ನು ಸ್ವಲ್ಪ ಹೆಚ್ಚಿಸಿದರೆ ಕೆನ್ನೆಯ ಕೆಂಪು ಕಲೆಗಳು ತಾವಾಗಿ ತಿಳಿಯಾಗುತ್ತವೆ. ಹಳೆಯ ಫಲಕಗಳ ಕುರುಡಿನಿಂದ ಹುಟ್ಟಿದ ತೊಂದರೆಗೆ ನೇರವಾದ ಮದ್ದು ಇದೇ. ಅತಿಯಾದರೆ ತುಟಿಗಳು ಬಿಳಿಚಿಕೊಳ್ಳುತ್ತವೆಂಬ ನೆನಪಿರಲಿ.

ಬಣ್ಣದ ಪ್ರಸ್ತಾಪ ಬಂದುದರಿಂದ ಮನಸ್ಸಿಗೆ ನೋವಾಗುವ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ನುಣುಪು ಮಾಡಿರೆಂದು ಕೇಳುವವರಲ್ಲಿ ಅನೇಕರು ಬೆಳ್ಳಗೆ ಮಾಡಿರೆಂಬುದನ್ನು ಅದರೊಳಗೇ ಸೇರಿಸಿ ಕೇಳುತ್ತಾರೆ. ಬಣ್ಣದ ಫಿಲ್ಮುಗಳ ಕಾಲದಲ್ಲಿ ಕೊಡಕ್ ಕಂಪನಿಯು ಪ್ರಯೋಗಾಲಯಗಳಿಗೆ ಕಳುಹಿಸುತ್ತಿದ್ದ ‘ಷರ್ಲಿ’ ಎಂಬ ಮಾದರಿ ಪಟದಲ್ಲಿ ಬಿಳಿಯ ಮೈಯ ಹೆಂಗಸೊಬ್ಬಳಿರುತ್ತಿದ್ದಳು. ಅವಳ ಚರ್ಮವು ಸರಿಯಾಗಿ ಬಂದರೆ ಎಲ್ಲರದೂ ಸರಿಯೆಂದು ಅಚ್ಚುಹಾಕುತ್ತಿದ್ದರು. ಆ ಅಳತೆಯನ್ನು ಎರೆಯ ನಾಡಿನ ಮಕ್ಕಳಿಗೆ ಹಿಡಿದರೆ ಅವರ ಮುಖಗಳು ಮಣ್ಣಾಗದೆ ಮತ್ತೇನಾಗುತ್ತವೆ? ಕಪ್ಪು ಚರ್ಮದ ಮೇಲೆ ಬೆಳಕು ನಡೆಯುವ ರೀತಿಯೇ ಬೇರೆ: ಬಿಳಿಯ ಚರ್ಮವನ್ನು ನೆರಳು ರೂಪಿಸುತ್ತದೆ, ಕಪ್ಪು ಚರ್ಮವನ್ನು ಅದರ ಮೇಲೆ ಹರಿಯುವ ಪ್ರಭೆಯು ರೂಪಿಸುತ್ತದೆ, ವಿಶಾಲವಾದ ಮಂದ ಬೆಳಕನ್ನು ಓರೆಯಾಗಿ ಕೊಟ್ಟರೆ ಅದು ನೇರಿಳೆಯ ಹಣ್ಣಿನಂತೆ ಆಳವಾದ ನುಣುಪನ್ನು ತೋರುತ್ತದೆ. ನಮ್ಮ ಕಾವ್ಯಗಳಲ್ಲಿಯೂ ತೊಟ್ಟಿಲ ಪದಗಳಲ್ಲಿಯೂ ಅತ್ಯಂತ ಮುದ್ದಿಗೆ ಪಾತ್ರನಾದ ಕೂಸು ಕೃಷ್ಣ. ಅವನ ಹೆಸರೇ ಕಪ್ಪು. ಹೀಗಿರಲು ಮಗುವಿನ ಮೈಬಣ್ಣವನ್ನು ಕಲೆಯೆಂದೆಣಿಸಿ ತೊಳೆಯುವುದಕ್ಕೆ ಯಾವ ಸೌಂದರ್ಯಶಾಸ್ತ್ರದ ಸಮ್ಮತಿಯೂ ಇರಲಾರದು.

ದೊಡ್ಡ ಕಲಾವಿದರು ಈ ವಿಷಯದಲ್ಲಿ ನಮಗೆ ಧೈರ್ಯವನ್ನು ಕೊಟ್ಟಿದ್ದಾರೆ. 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಎಂಬಾಕೆಯು ನಲವತ್ತೆಂಟರ ವಯಸ್ಸಿನಲ್ಲಿ ಕ್ಯಾಮರಾ ಹಿಡಿದು, 1864ರಲ್ಲಿ ಆನಿ ಎಂಬ ಬಾಲಿಕೆಯ ಪಟವನ್ನು ತೆಗೆದು ಅದನ್ನೇ ತನ್ನ ಮೊದಲ ಸಿದ್ಧಿಯೆಂದು ಕರೆದಳು. ಆಕೆಯ ಮಕ್ಕಳ ಮುಖಗಳಲ್ಲಿರುವ ಮೃದುತ್ವವು ಪೆನ್ಸಿಲಿನಿಂದ ಬಂದುದಲ್ಲ, ಬೆಳಕಿನಿಂದಲೂ ಲೆನ್ಸಿನ ಹದದಿಂದಲೂ ಬಂದುದು. ನಮ್ಮವರೇ ಆದ ಮೈಸೂರಿನ ಟಿ. ಎಸ್. ಸತ್ಯನ್ ಅವರು (1923–2009) ದೇಶದ ಹಳ್ಳಿಹಳ್ಳಿಗಳ ಮಕ್ಕಳನ್ನು ಅವರಿದ್ದ ಬೆಳಕಿನಲ್ಲಿ, ಅವರಿದ್ದ ಧೂಳಿನಲ್ಲಿ ಕಂಡು ತೆಗೆದ ಕಪ್ಪುಬಿಳುಪಿನ ಪಟಗಳು, 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶಿತವಾದವು. ಅಲ್ಲಿ ಆ ಮಕ್ಕಳ ಮುಖಗಳನ್ನು ಯಾರೂ ಒರಟೆನ್ನಲಿಲ್ಲ.

ಶ್ರೋತೃಗಳೇ, ನಮ್ಮ ಮನೆಗಳ ತಾಯಂದಿರು ಈ ಮಾತನ್ನೆಲ್ಲ ನನಗಿಂತ ಮೊದಲೇ ತಿಳಿದವರು. ಕೂಸಿಗೆ ಎರೆದು, ಸಾಂಬ್ರಾಣಿಯ ಹೊಗೆ ಕೊಟ್ಟು, ಕಣ್ಣಿಗೆ ಕಾಡಿಗೆ ತೀಡಿ, ಮುಖವು ಕಳಂಕವಿಲ್ಲದ ತುಂಬುಚಂದ್ರನಂತೆ ಬೆಳಗುತ್ತಿರುವಾಗ, ತಾಯಿಯು ಅದೇ ಕಾಡಿಗೆಯ ಬೆರಳಿನಿಂದ ಕೆನ್ನೆಯ ಮೇಲೆ ಒಂದು ಕಪ್ಪು ಬೊಟ್ಟನ್ನು ತಾನಾಗಿಯೇ ಇಡುತ್ತಾಳೆ. ದೃಷ್ಟಿಯಾಗದಿರಲೆಂಬುದು ಅವಳ ಹಾರೈಕೆ. ಕಲೆಯೇ ಇಲ್ಲದ ಚೆಲುವು ಲೋಕದ ಕಣ್ಣಿಗೆ ಒಡ್ಡತಕ್ಕದ್ದಲ್ಲವೆಂಬುದು ಅವಳ ತಿಳಿವಳಿಕೆ. ಆಯಿಯ ಆ ಪ್ರಶ್ನೆಯನ್ನು ಕೇಳಿದ ಮೇಲೆ ನಾನು ತೆಗೆದ ಯಾವ ಕೂಸಿನ ಪಟದಲ್ಲಿಯೂ ಆ ಬೊಟ್ಟನ್ನು ಮುಟ್ಟಿಲ್ಲ. ಎಷ್ಟೋ ಪಟಗಳಲ್ಲಿ ಅದು ಸ್ವಲ್ಪ ಹರಡಿಕೊಂಡಿರುತ್ತದೆ. ದಿಟ್ಟಿಸಿ ನೋಡಿದರೆ, ಅದರ ಅಂಚಿನಲ್ಲಿ, ತಾಯಿಯ ಬೆರಳ ತುದಿಯ ಗೆರೆಗಳು ಕಾಣುತ್ತವೆ.